ಕರುಳಿನ ಕ್ಯಾನ್ಸರ್ ಆಪರೇಷನ್‌ಗೆ ಮುಂಚೆ 'ಮುಂದೇನಾಗುತ್ತೆ' ಅಂತ ಎಷ್ಟು ಹೇಳಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಕರುಳು ಅಥವಾ ಗುದನಾಳದ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದ ದಿನದಿಂದ ಆಪರೇಷನ್ ದಿನದವರೆಗೆ ಕೆಲವು ವಾರಗಳು ಸಿಗುತ್ತವೆ. ಆ ವಾರಗಳಲ್ಲಿ ಮನೆಯವರು ಕೇಳುವ ಪ್ರಶ್ನೆಗಳಿವು. ಓಪಿಡಿಯಲ್ಲಿ ಕೇಳಿದವು, ಫೋನಿನಲ್ಲಿ ಕೇಳಿದವು, ಪತ್ರ ಬರೆದು ಕೇಳಿದವು, ಒಮ್ಮೊಮ್ಮೆ ಲಿಫ್ಟಿನ ಬಾಗಿಲು ಹಿಡಿದು ನಿಲ್ಲಿಸಿ ಕೇಳಿದವೂ ಇವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಉತ್ತರಗಳು ಸಾಮಾನ್ಯ ತಿಳಿವಳಿಕೆಗೆ. ನಿಮ್ಮ ಮನೆಯವರನ್ನು ಕೈಯಾರೆ ಪರೀಕ್ಷೆ ಮಾಡಿದ ವೈದ್ಯರ ಮಾತು ಇದಕ್ಕಿಂತ ದೊಡ್ಡದು.

## ಮೊದಲ ದಿನ ಕೇಳುವವು

"ಆಪರೇಷನ್ ಮಾಡಿದ್ರೆ ಅಪ್ಪ ಉಳೀತಾರಾ? ಒಂದೇ ಮಾತಲ್ಲಿ ಹೇಳಿ."

ಒಂದೇ ಮಾತಲ್ಲಿ ಹೇಳಲು ಆಗದೇ ಇರುವುದಕ್ಕೆ ಕಾರಣ, ನೀವು ಕೇಳುತ್ತಿರುವುದು ಒಂದು ಪ್ರಶ್ನೆಯಲ್ಲ, ಎರಡು.

ಒಂದು: ಆಪರೇಷನ್ ಆಗಿ ಮೊದಲ ಒಂದು ತಿಂಗಳು, ಮೂರು ತಿಂಗಳು ಏನಾಗುತ್ತೆ? ಎದ್ದು ಮನೆಗೆ ಬರುತ್ತಾರಾ, ಸೋಂಕು ಆಗುತ್ತಾ, ಐಸಿಯು ಬೇಕಾಗುತ್ತಾ? ಇದಕ್ಕೆ ಉತ್ತರ ಇರುವುದು ಹೆಚ್ಚಾಗಿ ಅಪ್ಪನ ದೇಹದಲ್ಲಿ. ಅಂದರೆ ಹೃದಯ, ಶ್ವಾಸಕೋಶ, ಸಕ್ಕರೆ, ಊಟ, ಓಡಾಟ.

ಎರಡು: ಐದು ವರ್ಷದ ಹೊತ್ತಿಗೆ ಕಾಯಿಲೆ ವಾಪಸ್ ಬಂದಿರುತ್ತಾ? ಇದಕ್ಕೆ ಉತ್ತರ ಇರುವುದು ಹೆಚ್ಚಾಗಿ ಗಡ್ಡೆಯಲ್ಲಿ.

ಈ ಎರಡೂ ಜೊತೆಜೊತೆಗೇ ಹೋಗಬೇಕೆಂದಿಲ್ಲ. ಗಟ್ಟಿಮುಟ್ಟಾದ 45ರ ಮನುಷ್ಯನಿಗೆ ಆಪರೇಷನ್ ಸಲೀಸಾಗಿ ಮುಗಿದು, ಎರಡು ವರ್ಷಕ್ಕೆ ಲಿವರ್‌ನಲ್ಲಿ ಕಾಯಿಲೆ ಕಾಣಿಸಿಕೊಳ್ಳಬಹುದು. 80 ದಾಟಿದ, ಉಬ್ಬಸ ಇರುವ ಅಜ್ಜಿಗೆ ಆಪರೇಷನ್ನೇ ದೊಡ್ಡ ಗಂಡಾಂತರವಾಗಿ, ಅದನ್ನು ದಾಟಿದ ಮೇಲೆ ಕ್ಯಾನ್ಸರ್ ಮತ್ತೆ ತಲೆ ಎತ್ತದೇ ಇರಬಹುದು. ಆಪರೇಷನ್‌ಗೆ ಮುಂಚೆ ಮೊದಲ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ಹೇಳಬಹುದು. ಎರಡನೆಯದಕ್ಕೆ ಅರ್ಧ ಮಾತ್ರ. ಇನ್ನರ್ಧ ತೆಗೆದ ಕರುಳಿನ ಜೊತೆ ಲ್ಯಾಬಿಗೆ ಹೋಗಿ ಬರಬೇಕು.

ಇನ್ನೊಂದು ವಿಷಯ. ಮೊದಲ ಪ್ರಶ್ನೆಯ ಉತ್ತರವನ್ನು ನಾವು ಸ್ವಲ್ಪ ಬದಲಾಯಿಸಬಹುದು. ನನಗೆ ಈ ಲೆಕ್ಕಗಳ ಮೇಲೆ ಪ್ರೀತಿ ಇರುವುದು ಆ ಕಾರಣಕ್ಕೇ ಹೊರತು ಭವಿಷ್ಯ ಹೇಳುವ ಚಪಲಕ್ಕಲ್ಲ.

"ಸಿಟಿ, ಬಯಾಪ್ಸಿ ಎಲ್ಲ ಆಯ್ತು. ಸ್ಟೇಜ್ ಎಷ್ಟು ಅಂತ ಇನ್ನೂ ಯಾಕೆ ಗ್ಯಾರಂಟಿ ಹೇಳ್ತಿಲ್ಲ?"

ಸ್ಟೇಜ್ ಎರಡು ಸಲ ಹೇಳುತ್ತೇವೆ. ಸ್ಕ್ಯಾನ್ ನೋಡಿ ಒಂದು, ಕರುಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಇನ್ನೊಂದು. ಎರಡನೆಯದೇ ಪಕ್ಕಾ. ಕರುಳಿನ ಗೋಡೆಯಲ್ಲಿ ಗಡ್ಡೆ ಎಷ್ಟು ಆಳ ಹೋಗಿದೆ, ಲಿಂಫ್ ಗ್ರಂಥಿಗಳಿಗೆ ತಲುಪಿದೆಯಾ, ದೂರದ ಅಂಗಕ್ಕೆ ಹೋಗಿದೆಯಾ ಅನ್ನುವ ಮೂರರ ಮೇಲೆ ಸ್ಟೇಜ್ ನಿಂತಿದೆ. ಲಿವರ್, ಶ್ವಾಸಕೋಶಕ್ಕೆ ಹೋಗಿದ್ದರೆ ಸಿಟಿಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ತೊಂದರೆ ಇರುವುದು ಗ್ರಂಥಿಗಳ ವಿಷಯದಲ್ಲಿ. ಊದಿಕೊಂಡ ಗ್ರಂಥಿಯಲ್ಲಿ ಬರೀ ಉರಿಯೂತ ಇರಬಹುದು, ಕಡಲೆಕಾಳಿಗಿಂತ ಚಿಕ್ಕದರಲ್ಲಿ ಕ್ಯಾನ್ಸರ್ ಇರಬಹುದು. ಸಿಟಿಗೆ ಗಾತ್ರ ಗೊತ್ತು, ಒಳಗಿರುವುದು ಗೊತ್ತಿಲ್ಲ. ಅದಕ್ಕೇ ತೆಗೆದ ಕರುಳಿನಲ್ಲಿ ಕನಿಷ್ಠ 12 ಗ್ರಂಥಿಗಳನ್ನು ಹುಡುಕಿ ನೋಡಬೇಕು ಅನ್ನುವ ನಿಯಮ.

ಇದು ಹಳೆಯ ಪಾಠ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್ಬರ್ಟ್ ಡ್ಯೂಕ್ಸ್ 1932ರಲ್ಲಿ ಗುದನಾಳದ ಕ್ಯಾನ್ಸರನ್ನು ಎ, ಬಿ, ಸಿ ಅಂತ ವಿಂಗಡಿಸಿದ್ದು ಆಪರೇಷನ್ನಿನಲ್ಲಿ ತೆಗೆದ ತುಂಡುಗಳನ್ನು ನೋಡಿಯೇ. ಗಡ್ಡೆ, ಗ್ರಂಥಿ, ದೂರದ ಹರಡುವಿಕೆ ಮೂರನ್ನೂ ಸೇರಿಸಿ ಹೇಳುವ ಇವತ್ತಿನ ಟಿಎನ್‌ಎಂ ಪದ್ಧತಿ ಬಂದರೂ ಕೊನೆಯ ತೀರ್ಪು ಇನ್ನೂ ಪೆಥಾಲಜಿ ಟೇಬಲ್ಲಿನ ಮೇಲೇ ಆಗುತ್ತದೆ.

"ಮೂರನೇ ಸ್ಟೇಜ್ ಇರಬಹುದು ಅಂದ್ರು. ಅಂದ್ರೆ ಎಷ್ಟು ವರ್ಷ?"

ಅಮೆರಿಕದ ಸೀರ್ ಅನ್ನುವ ಕ್ಯಾನ್ಸರ್ ದಾಖಲೆಯ ಅಂಕಿ ಹೇಳುತ್ತೇನೆ, ಎಲ್ಲರೂ ಇಂಟರ್‌ನೆಟ್‌ನಲ್ಲಿ ನೋಡಿಕೊಂಡು ಬರುವುದು ಅದನ್ನೇ. ಕಾಯಿಲೆ ಕರುಳಿನಲ್ಲೇ ಇದ್ದಾಗ ಐದು ವರ್ಷದ ನಂತರ ಬದುಕಿರುವವರು 100ಕ್ಕೆ ಸುಮಾರು 90. ಹತ್ತಿರದ ಗ್ರಂಥಿ ಅಥವಾ ಅಕ್ಕಪಕ್ಕಕ್ಕೆ ಹೋಗಿದ್ದರೆ 70ಕ್ಕಿಂತ ಸ್ವಲ್ಪ ಮೇಲೆ; ಮೂರನೇ ಸ್ಟೇಜ್ ಬರುವುದು ಇದರಲ್ಲೇ. ದೂರಕ್ಕೆ ಹೋಗಿದ್ದರೆ 15ರ ಆಸುಪಾಸು. ಭಾರತದ ಅಂಕಿ ಇದಕ್ಕಿಂತ ಕಡಿಮೆ. 2018ರಲ್ಲಿ ಪ್ರಕಟವಾದ, ಹಲವು ದೇಶಗಳನ್ನು ಹೋಲಿಸಿದ ಕಾನ್ಕಾರ್ಡ್ ಅಧ್ಯಯನದಲ್ಲಿ ಎಲ್ಲ ಸ್ಟೇಜ್ ಸೇರಿಸಿದರೆ ನಮ್ಮಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್‌ಗೆ 40ರ ಹತ್ತಿರ ಇತ್ತು, ಅಮೆರಿಕದಲ್ಲಿ 65ರ ಹತ್ತಿರ. ರಕ್ತ ಹೋದರೆ ಮೂಲವ್ಯಾಧಿ ಅಂತ ಒಂದು ವರ್ಷ ಮಾತ್ರೆ, ಮುಲಾಮು ಮಾಡಿಕೊಂಡು ತಡವಾಗಿ ಬರುವುದು ಇದಕ್ಕೆ ಒಂದು ದೊಡ್ಡ ಕಾರಣ.

ಆದರೆ 'ಎಷ್ಟು ವರ್ಷ' ಅನ್ನುವುದಕ್ಕೆ ಈ ಅಂಕಿಯಲ್ಲಿ ಉತ್ತರ ಇಲ್ಲ. 100ಕ್ಕೆ 70 ಅಂದರೆ ನಿಮ್ಮ ತಾಯಿ ಶೇ. 70 ಬದುಕುತ್ತಾರೆ ಅಂತಲ್ಲ. ಅವರು ಒಂದೋ ಆ 70ರಲ್ಲಿ, ಇಲ್ಲವೇ 30ರಲ್ಲಿ. ಇನ್ನು ಮೂರನೇ ಸ್ಟೇಜ್ ಒಳಗೇ ಬಹಳ ಅಂತರ ಇದೆ. ಒಂದು ಗ್ರಂಥಿ ಮುಟ್ಟಿದ್ದಕ್ಕೂ ಏಳು ಗ್ರಂಥಿ ಮುಟ್ಟಿದ್ದಕ್ಕೂ ಆಕಾಶ-ಭೂಮಿ ವ್ಯತ್ಯಾಸ. ಆಪರೇಷನ್‌ಗೆ ಮುಂಚೆ ಆ ಎಣಿಕೆ ಯಾರ ಕೈಯಲ್ಲೂ ಇರುವುದಿಲ್ಲ.

"ಅಮ್ಮನಿಗೆ 78. ಈ ವಯಸ್ಸಲ್ಲಿ ಕೊಯ್ಯೋದು ಬೇಕಾ?"

ಆಧಾರ್ ಕಾರ್ಡಿನ ವಯಸ್ಸು ಒಂದು, ದೇಹದ ವಯಸ್ಸು ಇನ್ನೊಂದು. ನಾನು ಮೊದಲು ಕೇಳುವುದು: ಕಳೆದ ತಿಂಗಳು ಅಮ್ಮ ಏನೇನು ಮಾಡುತ್ತಿದ್ದರು? ಬಟ್ಟೆ ತಾವೇ ಒಗೆಯುತ್ತಿದ್ದರಾ, ದೇವಸ್ಥಾನಕ್ಕೆ ಒಬ್ಬರೇ ಹೋಗಿಬರುತ್ತಿದ್ದರಾ, ಮಾತ್ರೆ ತಾವೇ ನೆನಪಿಟ್ಟು ತಗೊಳ್ತಿದ್ದರಾ? ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಅವರ ತಂಡ 2005ರಲ್ಲಿ ಮಾಡಿದ ಒಂದು ಅಳತೆ ಇದೆ. ಈಗ ಅದರಲ್ಲಿ 1ರಿಂದ 9ರವರೆಗೆ ಮೆಟ್ಟಿಲು. ಚುರುಕಾಗಿರುವವರು 1, ಪೂರ್ತಿ ಬೇರೆಯವರನ್ನೇ ನೆಚ್ಚಿಕೊಂಡವರು ಮೇಲಿನ ಅಂಕಿಗಳಲ್ಲಿ. ಅದಕ್ಕೆ ಮಿಷನ್ ಬೇಡ, ಮನೆಯವರ ಜೊತೆ ಹತ್ತು ನಿಮಿಷ ಮಾತಾಡಿದರೆ ಸಾಕು. ಆಪರೇಷನ್ ನಂತರದ ತೊಂದರೆಯನ್ನು ಊಹಿಸುವುದರಲ್ಲಿ ಇದು ಬರೀ ವಯಸ್ಸಿಗಿಂತ ಒಳ್ಳೆಯ ದಾರಿ.

ಇನ್ನೊಂದು ಸಣ್ಣ ಪರೀಕ್ಷೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದು. ಒಬ್ಬ ಅಜ್ಜಿ ಇದನ್ನು ಮುಗಿಸಿ, "ಇಷ್ಟೇನಾ? ಬೆಳಗ್ಗೆ ಹಾಲು ಕರೆದು ಬಂದಿದ್ದೀನಿ" ಅಂದರು. ಅವರ ಫೈಲಿನಲ್ಲಿ 81 ಅಂತ ಇತ್ತು. ಅವರ ವಿಷಯದಲ್ಲಿ ನನಗೆ ಅಂಕಿ ಬೇಕೇ ಆಗಲಿಲ್ಲ.

## ರಿಪೋರ್ಟ್ ಕೈಗೆ ಬಂದ ಮೇಲೆ

"ಸಿಇಎ 18 ಬಂದಿದೆ. ಎಲ್ಲ ಕಡೆ ಹರಡಿದೆ ಅಂತಾನಾ?"

ಅಲ್ಲ. ಸಿಇಎ ಅನ್ನುವುದು ರಕ್ತದಲ್ಲಿ ಸಿಗುವ ಒಂದು ಪ್ರೋಟೀನು. ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು 1965ರಲ್ಲಿ ವರದಿ ಮಾಡಿದರು. ಸಾಮಾನ್ಯವಾಗಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಒಳಗಿರಬೇಕು. ಬೀಡಿ-ಸಿಗರೇಟ್ ಸೇದುವವರಲ್ಲಿ ಸ್ವಲ್ಪ ಜಾಸ್ತಿ ಇರುತ್ತದೆ. ಲಿವರ್ ಕಾಯಿಲೆಯಲ್ಲೂ ಏರುತ್ತದೆ. ಆಪರೇಷನ್‌ಗೆ ಮುಂಚೆ 5 ದಾಟಿದವರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಒಟ್ಟಾರೆ ಜಾಸ್ತಿ, ಅದು ನಿಜ. ಹಾಗಂತ 18 ಅನ್ನುವ ಅಂಕಿ ಒಂದೇ ಹರಡಿದೆ ಅಂತ ಹೇಳಲಾರದು. ಹರಡಿದ್ದೂ ಸಿಇಎ ಸರಿಯಾಗೇ ಇರುವವರು ಇದ್ದಾರೆ.

ಈ ಅಂಕಿಯ ಅಸಲಿ ಉಪಯೋಗ ಆಪರೇಷನ್ ಆದ ಮೇಲೆ. ಇವತ್ತು 18 ಅಂತ ಬರೆದಿಟ್ಟುಕೊಂಡರೆ ನಾಲ್ಕರಿಂದ ಆರು ವಾರದ ನಂತರ ಅದು ಇಳಿಯಿತಾ ನೋಡಬಹುದು. ಇಳಿಯದಿದ್ದರೆ ಎಲ್ಲೋ ಏನೋ ಉಳಿದಿದೆ ಅಂತ ಹುಡುಕುತ್ತೇವೆ. ಮೊದಲು ಮಾಡಿಸದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಹಾಗಾಗಿ ಆ ಕಾಗದವನ್ನು ಎಸೆಯಬೇಡಿ.

"ಕಾಯಿಲೆ ಕರುಳಲ್ಲಿ. ಡಾಕ್ಟ್ರು ಮಾತ್ರ ಆಲ್ಬುಮಿನ್, ಆಲ್ಬುಮಿನ್ ಅಂತಾರೆ. ಯಾಕೆ?"

ಕತ್ತರಿಸಿದ ಕರುಳಿನ ಎರಡು ತುದಿ ಕೂಡಿಕೊಳ್ಳಬೇಕು. ಅದಕ್ಕೆ ದೇಹದಲ್ಲಿ ಸರಕು ಬೇಕು. ಆಲ್ಬುಮಿನ್ ಆ ಸರಕಿನ ಒಂದು ಸೂಚಕ. ಡೆಸಿಲೀಟರಿಗೆ 3.5 ಗ್ರಾಂಗಿಂತ ಕಡಿಮೆ ಇದ್ದರೆ ಸೋಂಕು, ಗಾಯ ಬಿಡುವುದು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುವುದು ಎಲ್ಲವೂ ಜಾಸ್ತಿ.

1984ರಲ್ಲಿ ಜಪಾನಿನ ಒನೊಡೆರಾ ಎಂಬ ವೈದ್ಯರು ಒಂದು ಸರಳ ಲೆಕ್ಕ ಕೊಟ್ಟರು. ಆಲ್ಬುಮಿನ್ ಅನ್ನು 10ರಿಂದ ಗುಣಿಸಿ. ರಕ್ತದ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆಯನ್ನು 0.005ರಿಂದ ಗುಣಿಸಿ. ಎರಡನ್ನೂ ಕೂಡಿಸಿ. ಒಬ್ಬರ ಆಲ್ಬುಮಿನ್ 3.2, ಲಿಂಫೋಸೈಟ್ 1400 ಅಂದುಕೊಳ್ಳಿ. 32ಕ್ಕೆ 7 ಸೇರಿಸಿದರೆ 39. ಒನೊಡೆರಾ ಎಳೆದ ಗೆರೆ 40ರಲ್ಲಿ. ಅದಕ್ಕಿಂತ ಕೆಳಗಿದ್ದರೆ ಕರುಳು ಕತ್ತರಿಸಿ ಜೋಡಿಸುವ ಮುಂಚೆ ಯೋಚನೆ ಮಾಡಿ ಅಂದರು. ಇವತ್ತು ಬೇರೆಬೇರೆ ಕಡೆ ಬೇರೆಬೇರೆ ಗೆರೆ ಬಳಸುತ್ತಾರೆ. ಆದರೂ ಮಾಮೂಲಿ ರಕ್ತ ಪರೀಕ್ಷೆಯ ಎರಡು ಅಂಕಿಯಿಂದ ಇಷ್ಟು ವಿಷಯ ಸಿಗುತ್ತದಲ್ಲ ಅಂತ ನನಗೆ ಈಗಲೂ ಖುಷಿ.

ಇಲ್ಲೊಂದು ಮಾತು. "ಹಾಗಾದ್ರೆ ಆಲ್ಬುಮಿನ್ ಬಾಟ್ಲಿ ಹಾಕಿಬಿಡಿ" ಅಂತ ಮನೆಯವರು ಹೇಳುತ್ತಾರೆ. ದುಬಾರಿ ಬಾಟಲಿ. ಹಾಕಿದರೆ ರಿಪೋರ್ಟಿನ ಅಂಕಿ ಏರುತ್ತದೆ, ಮನುಷ್ಯ ಗಟ್ಟಿಯಾಗುವುದಿಲ್ಲ. ಆಲ್ಬುಮಿನ್ ಇಳಿಯುವುದಕ್ಕೆ ಊಟ ಸೇರದಿರುವುದು ಒಂದು ಕಾರಣ, ಗಡ್ಡೆ ಎಬ್ಬಿಸಿದ ಉರಿಯೂತ ಇನ್ನೊಂದು. ಗ್ಲಾಸ್ಗೋದ ವೈದ್ಯರು ಇದಕ್ಕೇ ಆಲ್ಬುಮಿನ್ ಜೊತೆ ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) ಸೇರಿಸಿ ಒಂದು ಅಳತೆ ಮಾಡಿದ್ದಾರೆ. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ 1 ಅಂಕ, ಅದರ ಜೊತೆಗೆ ಆಲ್ಬುಮಿನ್ನೂ 3.5ಕ್ಕಿಂತ ಕೆಳಗಿದ್ದರೆ 2. ಸೊನ್ನೆ ಬಂದವರ ಮುಂದಿನ ವರ್ಷಗಳು ಒಟ್ಟಾರೆ ಚೆನ್ನಾಗಿರುತ್ತವೆ.

"ಗುದನಾಳಕ್ಕೆ ಸಿಟಿ ಆಯ್ತಲ್ಲ, ಮತ್ತೆ ಎಂಆರ್‌ಐ ಯಾಕೆ? ಸುಮ್ನೆ ಖರ್ಚು ಅಲ್ವಾ?"

ದೊಡ್ಡ ಕರುಳಿನ ಮೇಲಿನ ಭಾಗವಾಗಿದ್ದರೆ ಸಾಮಾನ್ಯವಾಗಿ ಸಿಟಿ ಸಾಕು. ಗುದನಾಳವಾದರೆ ಎಂಆರ್‌ಐ ಬೇಕೇ ಬೇಕು. ಗುದನಾಳ ಇರುವುದು ಸೊಂಟದ ಮೂಳೆಗಳ ಇಕ್ಕಟ್ಟಿನಲ್ಲಿ, ಸುತ್ತ ಕೊಬ್ಬಿನ ಒಂದು ಹೊದಿಕೆ. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ಹೇಳಿದ್ದು ಇದನ್ನೇ: ಹೊದಿಕೆ ಹರಿಯದ ಹಾಗೆ ಇಡಿಯಾಗಿ ತೆಗೆದರೆ ಅದೇ ಜಾಗದಲ್ಲಿ ಕಾಯಿಲೆ ಮರಳುವುದು ಬಹಳ ಕಡಿಮೆ. ಗಡ್ಡೆ ಈ ಹೊದಿಕೆಯ ಅಂಚಿಗೆ ಎಷ್ಟು ಹತ್ತಿರ ಇದೆ ಅನ್ನುವುದನ್ನು ಎಂಆರ್‌ಐ ಮಿಲಿಮೀಟರ್ ಲೆಕ್ಕದಲ್ಲಿ ತೋರಿಸುತ್ತದೆ. 2006ರ ಮರ್ಕ್ಯುರಿ ಅಧ್ಯಯನ ಇದನ್ನು ಸಾಬೀತು ಮಾಡಿತು. ಅಂಚಿನಿಂದ 1 ಮಿಲಿಮೀಟರ್ ಒಳಗೆ ಬಂದಿದ್ದರೆ ಮೊದಲು ರೇಡಿಯೇಷನ್, ಕೀಮೋ ಕೊಟ್ಟು ಕುಗ್ಗಿಸುವ ಮಾತು ಬರುತ್ತದೆ. ಗಡ್ಡೆ ಪಕ್ಕದ ರಕ್ತನಾಳದೊಳಗೆ ನುಗ್ಗಿದೆಯಾ ಅನ್ನುವುದೂ ಅದರಲ್ಲೇ ಕಾಣುತ್ತದೆ. ನುಗ್ಗಿದ್ದರೆ ದೂರಕ್ಕೆ ಹರಡುವ ಭಯ ಜಾಸ್ತಿ.

ಆಪರೇಷನ್‌ಗೆ ಮುಂಚೆ ಸಿಗುವ ಮಾಹಿತಿಯಲ್ಲಿ, ಗುದನಾಳದ ಮಟ್ಟಿಗೆ, ಇದಕ್ಕಿಂತ ಬೆಲೆಬಾಳುವುದು ಇನ್ನೊಂದಿಲ್ಲ. ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

"ಅದೇ ಬಯಾಪ್ಸಿ ತುಂಡನ್ನ ಇನ್ನೊಂದು ಟೆಸ್ಟಿಗೆ ಕಳಿಸಿದ್ದಾರೆ. 'ಎಂಎಂಆರ್' ಅಂತೆ."

ಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳಾಗುತ್ತವೆ. ಅವನ್ನು ತಿದ್ದುವ ಪ್ರೋಟೀನುಗಳಿವೆ, ಆ ತಿದ್ದುವ ವ್ಯವಸ್ಥೆಯೇ ಎಂಎಂಆರ್. ಕರುಳಿನ ಕ್ಯಾನ್ಸರುಗಳಲ್ಲಿ 100ಕ್ಕೆ ಸುಮಾರು 15ರಲ್ಲಿ ಈ ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ಕೇಳಲು ಕೆಟ್ಟ ಸುದ್ದಿ ಅನಿಸಿದರೂ, ಆರಂಭದ ಸ್ಟೇಜಿನಲ್ಲಿ ಇಂಥ ಗಡ್ಡೆಗಳ ಫಲಿತಾಂಶ ಒಳ್ಳೆಯದೇ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಇಮ್ಯುನೋಥೆರಪಿಗೂ ಇವು ಚೆನ್ನಾಗಿ ಬಗ್ಗುತ್ತವೆ. ಇನ್ನೊಂದು ಕಡೆ, ಇದು ಮನೆತನದಲ್ಲಿ ಹರಿದು ಬರುವ ಲಿಂಚ್ ಸಿಂಡ್ರೋಮ್‌ನ ಸುಳಿವೂ ಆಗಿರಬಹುದು. ಆಗ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳು ಕೂಡ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಬಿ-ರಾಫ್ ಅನ್ನುವ ಜೀನ್ ಬದಲಾವಣೆಯನ್ನೂ ಕೆಲವೊಮ್ಮೆ ನೋಡುತ್ತಾರೆ. ಹರಡಿದ ಕಾಯಿಲೆಯಲ್ಲಿ ಅದು ಸಿಕ್ಕರೆ ದಾರಿ ಕಷ್ಟದ್ದು.

## ಆಪರೇಷನ್ನಿನ ಅಪಾಯದ ಬಗ್ಗೆ

"ಅನಸ್ತೀಸಿಯಾ ಡಾಕ್ಟ್ರು 'ಗ್ರೇಡ್ 3' ಅಂತ ಬರೆದಿದ್ದಾರೆ. ಕ್ಯಾನ್ಸರ್ ಮೂರನೇ ಸ್ಟೇಜಾ?"

ಇಲ್ಲ, ಗಾಬರಿ ಬೇಡ. ಅದು ಎಎಸ್‌ಎ ಗ್ರೇಡ್, ದೇಹದ ಒಟ್ಟು ಆರೋಗ್ಯದ ಅಂಕ. 1 ಅಂದರೆ ಆರೋಗ್ಯವಂತ. 2 ಅಂದರೆ ಹತೋಟಿಯಲ್ಲಿರುವ ಬಿಪಿ, ಶುಗರ್‌ನಂಥದ್ದು. 3 ಅಂದರೆ ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ಕಾಯಿಲೆ. ಕ್ಯಾನ್ಸರ್ ಸ್ಟೇಜಿಗೂ ಇದಕ್ಕೂ ಸಂಬಂಧ ಇಲ್ಲ.

"ಹೈ ರಿಸ್ಕ್ ಅಂತ ಸೈನ್ ಹಾಕಿಸಿಕೊಂಡ್ರು. ರಿಸ್ಕ್ ಲೆಕ್ಕ ಹಾಕ್ತಾರಾ, ಇಲ್ಲ ಅಂದಾಜಲ್ಲಿ ಹೇಳ್ತಾರಾ?"

ಎರಡೂ ಇದೆ. ಎಷ್ಟೋ ಕಡೆ 'ಹೈ ರಿಸ್ಕ್' ಅನ್ನುವುದು ಲೆಕ್ಕಕ್ಕಿಂತ ಹೆಚ್ಚಾಗಿ ಕಾಗದದ ರಕ್ಷಣೆಗೆ ಬರೆದ ಮಾತು. ನಾನೂ ಬರೆದಿದ್ದೇನೆ, ಸುಳ್ಳು ಹೇಳುವುದಿಲ್ಲ.

ಲೆಕ್ಕ ಹಾಕುವ ದಾರಿಗಳು ಮಾತ್ರ ಇವೆ. ಬ್ರಿಟನ್ನಿನಲ್ಲಿ 1991ರಲ್ಲಿ ಪೋಸಮ್ ಅನ್ನುವ ಅಂಕಪಟ್ಟಿ ಬಂತು. ದೇಹದ ಬಗ್ಗೆ 12 ಅಂಶ, ಆಪರೇಷನ್ ಬಗ್ಗೆ 6 ಅಂಶ. ಅದು ಕಡಿಮೆ ಅಪಾಯದವರಲ್ಲೂ ಸಾವಿನ ಸಾಧ್ಯತೆಯನ್ನು ಜಾಸ್ತಿ ತೋರಿಸುತ್ತಿತ್ತು, ಹಾಗಾಗಿ ತಿದ್ದಿದರು. 2004ರಲ್ಲಿ ಕರುಳಿನ ಆಪರೇಷನ್ನಿಗೇ ಬೇರೆ ಪಟ್ಟಿ ಮಾಡಿದರು. ಅದರಲ್ಲಿ ವಯಸ್ಸು, ಹೃದಯದ ಸ್ಥಿತಿ, ಬಿಪಿ, ನಾಡಿ, ಯೂರಿಯಾ, ಹಿಮೋಗ್ಲೋಬಿನ್, ಜೊತೆಗೆ ಆಪರೇಷನ್ನಿನ ನಾಲ್ಕು ವಿವರ. ಇದರಲ್ಲೊಂದು ತಮಾಷೆ ಇದೆ. ಹೊಟ್ಟೆಯೊಳಗೆ ಕೀವು, ಮಲ ಚೆಲ್ಲಿದೆಯಾ, ಕ್ಯಾನ್ಸರ್ ಯಾವ ಹಂತ ಅಂತೆಲ್ಲ ಆ ಪಟ್ಟಿ ಕೇಳುತ್ತದೆ. ಹೊಟ್ಟೆ ತೆರೆಯದೆ ಅದನ್ನೆಲ್ಲ ಹೇಗೆ ಹೇಳುವುದು? ಆಪರೇಷನ್‌ಗೆ ಮುಂಚೆ ತುಂಬುವಾಗ ಆ ಭಾಗ ಊಹೆಯೇ.

ಅಮೆರಿಕದ ಸರ್ಜನ್‌ಗಳ ಕಾಲೇಜಿನ ಲೆಕ್ಕಯಂತ್ರ 2013ರಿಂದ ಇಂಟರ್‌ನೆಟ್‌ನಲ್ಲಿದೆ. ಇಪ್ಪತ್ತರಷ್ಟು ವಿವರ ತುಂಬಿದರೆ ಸೋಂಕು, ನ್ಯುಮೋನಿಯಾ, ಸಾವು ಎಲ್ಲದಕ್ಕೂ ಶೇಕಡಾವಾರು ಹೇಳುತ್ತದೆ. ಅದೆಲ್ಲ ಅಮೆರಿಕದ ಆಸ್ಪತ್ರೆಗಳ ದಾಖಲೆಯಿಂದ ಬಂದದ್ದು. 45 ಕಿಲೋ ತೂಗುವ, ಹಿಮೋಗ್ಲೋಬಿನ್ 7 ಇರುವ ನಮ್ಮ ಕೂಲಿ ಹೆಂಗಸಿನಂಥವರು ಅದರಲ್ಲಿ ಎಷ್ಟು ಜನ ಇದ್ದಾರು?

ಈ ಎಲ್ಲ ಪಟ್ಟಿಗಿಂತ ದೊಡ್ಡ ವ್ಯತ್ಯಾಸ ಮಾಡುವ ಒಂದು ವಿಷಯ ಇದೆ. ಆಪರೇಷನ್ ದಿನ ಗೊತ್ತುಮಾಡಿ ಮಾಡುವುದಾ, ಇಲ್ಲ ಕರುಳು ಕಟ್ಟಿಕೊಂಡು ಅಥವಾ ತೂತಾಗಿ ನಡುರಾತ್ರಿ ಮಾಡುವುದಾ ಅನ್ನುವುದು. ದಿನ ಗೊತ್ತುಮಾಡಿದ ಆಪರೇಷನ್ನಿನಲ್ಲಿ, ಒಳ್ಳೆಯ ವ್ಯವಸ್ಥೆ ಇರುವ ಕಡೆ, ಸಾವು 100ಕ್ಕೆ ಎರಡು-ಮೂರರ ಆಸುಪಾಸು. ತುರ್ತು ಆಪರೇಷನ್ನಿನಲ್ಲಿ ಅದು ಹಲವು ಪಟ್ಟು. ಹೊಟ್ಟೆ ಉಬ್ಬರ, ವಾಂತಿ, ಗಾಳಿಯೂ ಹೋಗದಿರುವುದು ಕಂಡರೆ ಡೇಟ್ ಬರಲಿ ಅಂತ ಕಾಯಬೇಡಿ, ಹೊರಟು ಬನ್ನಿ.

"ಒಳಗಿನ ಜೋಡಣೆ ಸೋರಬಹುದು ಅಂದ್ರಲ್ಲ. ಯಾರಿಗೆ ಸೋರುತ್ತೆ ಅಂತ ಮೊದಲೇ ಗೊತ್ತಾಗಲ್ವಾ?"

ಗೊತ್ತಾಗಿದ್ದರೆ ನಮ್ಮ ನಿದ್ದೆ ಚೆನ್ನಾಗಿರುತ್ತಿತ್ತು. ಯಾರಿಗೆ ಜಾಸ್ತಿ ಸಾಧ್ಯತೆ ಅಂತ ಗೊತ್ತು: ಗಂಡಸರು, ಜೋಡಣೆ ಗುದದ್ವಾರಕ್ಕೆ ತೀರಾ ಹತ್ತಿರ ಇರುವವರು, ಸಿಗರೇಟ್ ಸೇದುವವರು, ಮೊದಲು ರೇಡಿಯೇಷನ್ ಆದವರು, ಸ್ಟೀರಾಯ್ಡ್ ತಗೊಳ್ಳುವವರು, ಪೌಷ್ಟಿಕತೆ ಇಲ್ಲದವರು. ಹೀಗಿದ್ದೂ ಯಾವ ಲಕ್ಷಣವೂ ಇಲ್ಲದವರಿಗೆ ಸೋರುತ್ತದೆ, ಎಲ್ಲ ಲಕ್ಷಣ ಇರುವವರು ಆರನೇ ದಿನ ನಡೆದುಕೊಂಡು ಮನೆಗೆ ಹೋಗುತ್ತಾರೆ.

2009ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. ಆಪರೇಷನ್ ಮುಗಿಸಿದ ಸರ್ಜನ್‌ಗಳನ್ನೇ 'ಇದು ಸೋರುವ ಸಾಧ್ಯತೆ ಎಷ್ಟು' ಅಂತ ಕೇಳಿದರು. ಅವರ ಅಂದಾಜು ಕೈಕೊಟ್ಟಿತು. ನನ್ನದೂ ಕೊಟ್ಟಿದೆ. 'ಇಷ್ಟು ಚೆಂದದ ಜೋಡಣೆ ಈ ವರ್ಷ ಮಾಡಿಲ್ಲ' ಅಂದುಕೊಂಡು ಹೊರಬಂದದ್ದು ಐದನೇ ದಿನ ಸೋರಿತ್ತು. ಆ ಮನುಷ್ಯನಿಗೆ ಮತ್ತೆ ಹೊಟ್ಟೆ ತೆರೆಯಬೇಕಾಯಿತು. ಅವತ್ತಿನಿಂದ ಮನೆಯವರ ಮುಂದೆ 'ಚೆನ್ನಾಗಿ ಆಗಿದೆ' ಅನ್ನುವ ಮಾತನ್ನು ಒಂದು ವಾರ ಬಾಯಿಗೆ ತರುವುದಿಲ್ಲ.

ಊಹಿಸಲಾಗದ್ದಕ್ಕೆ ದಾರಿ ತಾತ್ಕಾಲಿಕ ಚೀಲ. ಕೆಳಗಿನ ಜೋಡಣೆ ಮಾಯುವವರೆಗೆ ಮಲ ಹೊಟ್ಟೆಯ ಮೇಲಿನ ಚೀಲಕ್ಕೆ ಹೋಗುತ್ತದೆ. 2007ರ ಸ್ವೀಡನ್ ಅಧ್ಯಯನದಲ್ಲಿ ಚೀಲ ಇಟ್ಟವರಲ್ಲಿ ಲಕ್ಷಣ ತೋರಿಸಿದ ಸೋರಿಕೆ ಸುಮಾರು ಶೇ. 10, ಇಡದವರಲ್ಲಿ ಶೇ. 28.

"ಮೂರು-ನಾಲ್ಕು ವಾರ ಬಿಟ್ಟು ಬನ್ನಿ ಅಂದ್ರು. ಅಷ್ಟರಲ್ಲಿ ಕ್ಯಾನ್ಸರ್ ಹರಡಲ್ವಾ?"

ಕರುಳು ಕಟ್ಟಿಲ್ಲ, ರಕ್ತ ಧಾರಾಳವಾಗಿ ಹೋಗುತ್ತಿಲ್ಲ ಅಂದರೆ, ಈ ಗಡ್ಡೆ ಅಲ್ಲಿಗೆ ಬರಲು ವರ್ಷಗಳು ಹಿಡಿದಿವೆ. ಮೂರು-ನಾಲ್ಕು ವಾರದಲ್ಲಿ ಲೆಕ್ಕ ತಲೆಕೆಳಗಾಗುವುದಿಲ್ಲ. ಆ ವಾರಗಳನ್ನು ಹೇಗೆ ಕಳೆಯುತ್ತೀರಿ ಅನ್ನುವುದರಿಂದ ಲೆಕ್ಕ ಬದಲಾಗುತ್ತದೆ.

2023ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಮಾಡಿದ ಒಂದು ಪ್ರಯೋಗದ ಫಲಿತಾಂಶ ಬಂತು. ಕರುಳಿನ ಕ್ಯಾನ್ಸರ್ ಇರುವ 251 ಜನ. ಅರ್ಧದಷ್ಟು ಮಂದಿಗೆ ನಾಲ್ಕು ವಾರ ವ್ಯಾಯಾಮ, ಪ್ರೋಟೀನ್ ಊಟ, ಧೂಮಪಾನ ಬಿಡಿಸುವುದು, ಮನಸ್ಸಿಗೆ ಧೈರ್ಯ. ಉಳಿದವರಿಗೆ ಮಾಮೂಲಿ ತಯಾರಿ. ಆಪರೇಷನ್ ನಂತರದ ಗಂಭೀರ ತೊಂದರೆ ಮೊದಲಿನವರಲ್ಲಿ ಶೇ. 17, ಉಳಿದವರಲ್ಲಿ ಶೇ. 30ರ ಹತ್ತಿರ.

ನಮ್ಮ ಮನೆಗಳಲ್ಲಿ ಆಗುವುದು ಇದರ ಉಲ್ಟಾ. ಕ್ಯಾನ್ಸರ್ ಅಂದ ತಕ್ಷಣ ಮಂಚ. "ನೀನು ಏಳಬೇಡ, ನಾನು ತರ್ತೀನಿ." ಊಟಕ್ಕೆ ಬರೀ ಗಂಜಿ, ಎಳನೀರು. ಮೂರು ವಾರ ಹೀಗೆ ಮಲಗಿದ ಮನುಷ್ಯ ನಮ್ಮ ಕೈಗೆ ಬರುವಾಗ ತೊಡೆ ಸೊರಗಿರುತ್ತದೆ. ನಾನು ಹೇಳುವುದು ಇಷ್ಟು: ಬೆಳಗ್ಗೆ-ಸಂಜೆ ಮಾತಾಡಲು ಆಗುವಷ್ಟು, ಹಾಡಲು ಆಗದಷ್ಟು ಜೋರಾಗಿ ಅರ್ಧ ಗಂಟೆ ನಡಿಗೆ. ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇಲ್ಲದವರಿಗೆ ಮೊಳಕೆ ಕಾಳು, ಹಾಲು, ಮೊಸರು, ಪನೀರು. ಬೀಡಿ ಅವತ್ತೇ ಬಂದ್. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಬ್ಬಿಣದ ಇಂಜೆಕ್ಷನ್ ಬಗ್ಗೆ ಕೇಳಿ. ಹೃದಯದ ಕಾಯಿಲೆ, ಕಿಡ್ನಿ ತೊಂದರೆ, ಕರುಳು ಅರ್ಧ ಮುಚ್ಚಿಕೊಂಡಿರುವುದು ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬೇಡಿ.

"ಚೀಲ ತೆಗೆದ ಮೇಲೆ ಟಾಯ್ಲೆಟ್ ಮೊದಲಿನ ಹಾಗೆ ಆಗುತ್ತಾ?"

ಇದನ್ನು ಕೇಳುವವರು ಕಡಿಮೆ, ಆಮೇಲೆ ಇದರಿಂದ ಒದ್ದಾಡುವವರು ಜಾಸ್ತಿ. ನಾವೂ ಬದುಕು-ಸಾವಿನ ಲೆಕ್ಕ ಹೇಳಿ ಇದನ್ನು ನುಂಗಿಕೊಳ್ಳುತ್ತೇವೆ.

ಗುದನಾಳ ಮಲ ಹಿಡಿದಿಟ್ಟುಕೊಳ್ಳುವ ಚೀಲ ಇದ್ದ ಹಾಗೆ. ಅದನ್ನು ತೆಗೆದು ಮೇಲಿನ ಕರುಳನ್ನು ಕೆಳಕ್ಕೆ ಎಳೆದು ಜೋಡಿಸಿದರೆ ಹಿಡಿದಿಡುವ ಶಕ್ತಿ ಕಡಿಮೆಯಾಗುತ್ತದೆ. ದಿನಕ್ಕೆ ಆರೇಳು ಸಲ, ಹೋಗಿ ಬಂದು ಹತ್ತು ನಿಮಿಷಕ್ಕೆ ಮತ್ತೆ, ಒಮ್ಮೊಮ್ಮೆ ತಡೆಯಲಾಗದೆ. ಬಸ್ ಕಂಡಕ್ಟರ್ ಆಗಿದ್ದವರೊಬ್ಬರು ಹೇಳಿದರು: "ಕ್ಯಾನ್ಸರ್ ಹೋಯ್ತು ಸಾರ್, ಡ್ಯೂಟೀನೂ ಹೋಯ್ತು." ಅವರಿಗೆ ನಾನು ಮೊದಲೇ ಹೇಳಿರಲಿಲ್ಲ.

ಇದನ್ನೂ ಮುಂಚೆಯೇ ಊಹಿಸುವ ಅಳತೆ ಇದೆ, ಹೆಸರು ಪೋಲಾರ್ಸ್. ವಯಸ್ಸು, ಗಂಡಾ ಹೆಣ್ಣಾ, ಗಡ್ಡೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ, ಹೊದಿಕೆ ಪೂರ್ತಿ ತೆಗೆಯುತ್ತಾರಾ ಅರ್ಧವಾ, ಚೀಲ ಇಡುತ್ತಾರಾ, ರೇಡಿಯೇಷನ್ ಆಗಿದೆಯಾ. ಇಷ್ಟು ತುಂಬಿದರೆ ತೊಂದರೆ ಎಷ್ಟರಮಟ್ಟಿಗೆ ಇರಬಹುದು ಅಂತ ಹೇಳುತ್ತದೆ. ಗಡ್ಡೆ ಕೆಳಗಿದ್ದಷ್ಟೂ, ರೇಡಿಯೇಷನ್ ಆಗಿದ್ದರೆ, ತೊಂದರೆ ಜಾಸ್ತಿ. ಕೆಲವರು ಇದನ್ನು ಕೇಳಿ ಶಾಶ್ವತ ಚೀಲವೇ ವಾಸಿ ಅಂತ ಆರಿಸಿಕೊಳ್ಳುತ್ತಾರೆ. ಅದು ತಪ್ಪು ಆಯ್ಕೆಯೇನಲ್ಲ.

## ಓದಿಕೊಂಡು ಬಂದವರು ಕೇಳುವವು

"ಎನ್‌ಎಲ್‌ಆರ್ ನಾನೇ ಲೆಕ್ಕ ಹಾಕಿದೆ, 4 ಬಂತು. ಕೆಟ್ಟದ್ದಾ?"

ಎನ್‌ಎಲ್‌ಆರ್ ಅಂದರೆ ಎರಡು ಬಗೆಯ ಬಿಳಿ ರಕ್ತಕಣಗಳ ಅನುಪಾತ. ನ್ಯೂಟ್ರೋಫಿಲ್ 72, ಲಿಂಫೋಸೈಟ್ 18 ಅಂದರೆ ಭಾಗಿಸಿ 4. ಲೆಕ್ಕ ಸರಿ. ಈ ಅನುಪಾತ ಏರಿದವರಲ್ಲಿ ಫಲಿತಾಂಶ ಸ್ವಲ್ಪ ಕೆಟ್ಟದು ಅಂತ ಅನೇಕ ಅಧ್ಯಯನ ಹೇಳುತ್ತವೆ. ಎಲ್ಲಿಂದ ಮೇಲೆ 'ಏರಿದ್ದು' ಅನ್ನುವುದರಲ್ಲಿ ಒಬ್ಬರು 3 ಅಂತಾರೆ, ಇನ್ನೊಬ್ಬರು 5. ಹಲ್ಲುನೋವು, ಮೂತ್ರದ ಸೋಂಕು, ಸ್ಟೀರಾಯ್ಡ್ ಮಾತ್ರೆ ಯಾವುದಾದರೂ ಇದನ್ನು ಏರಿಸುತ್ತದೆ. ಒಂದೇ ದಿನದ ಒಂದೇ ಅಂಕಿ ಹಿಡಿದು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

"ಎಐ ಈಗ ಸ್ಕ್ಯಾನ್ ನೋಡೇ ಎಲ್ಲ ಹೇಳುತ್ತಂತೆ. ನಮ್ಮಲ್ಲಿ ಯಾಕೆ ಬಳಸಲ್ಲ?"

ಹೇಳಲು ಪ್ರಯತ್ನಿಸುತ್ತದೆ. ಸಿಟಿ ಚಿತ್ರದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮ ವಿನ್ಯಾಸಗಳನ್ನು ಅಂಕಿ ಮಾಡಿ ಗ್ರಂಥಿಗೆ ಹರಡಿದೆಯಾ ಅಂತ ಊಹಿಸುತ್ತದೆ. ಸೊಂಟದ ಮಟ್ಟದಲ್ಲಿ ಸ್ನಾಯು ಎಷ್ಟು ಸವೆದಿದೆ ಅಂತ ತಾನೇ ಅಳೆಯುತ್ತದೆ. ಈ ಎರಡನೆಯದು ನನಗೆ ಹೆಚ್ಚು ಉಪಯುಕ್ತ ಅನಿಸುತ್ತದೆ, ಯಾಕೆಂದರೆ ಸವೆದ ಸ್ನಾಯುವಿನ ಬಗ್ಗೆ ಏನಾದರೂ ಮಾಡಬಹುದು.

ಸುದ್ದಿಯಲ್ಲಿ '0.80 ನಿಖರತೆ' ಅಂತ ಓದಿರುತ್ತೀರಿ. ಅದು ಸಾಮಾನ್ಯವಾಗಿ ಹೀಗೆ ಲೆಕ್ಕ ಹಾಕಿದ್ದು. ತೊಂದರೆ ಆದ ಒಬ್ಬರನ್ನು, ಆಗದ ಒಬ್ಬರನ್ನು ಚೀಟಿ ಎತ್ತಿ ಆರಿಸಿ. ಯಂತ್ರ ಮೊದಲನೆಯವರಿಗೆ ಜಾಸ್ತಿ ಅಪಾಯ ಅಂದಿದೆಯಾ? 100 ಸಲ ಹೀಗೆ ಮಾಡಿದಾಗ 80 ಸಲ ಸರಿ. ನಾಣ್ಯ ಚಿಮ್ಮಿದರೆ 50. ಅಂದರೆ ಇದು ಇಬ್ಬರಲ್ಲಿ ಯಾರಿಗೆ ಜಾಸ್ತಿ ಅನ್ನುವ ಉತ್ತರ ಅಷ್ಟೇ. ನಿಮ್ಮ ಅಪ್ಪನಿಗೆ ಅದು ಹೇಳಿದ 'ಶೇ. 20' ನಿಜಕ್ಕೂ 20ಯೇ ಅನ್ನುವುದು ಬೇರೆ ಪರೀಕ್ಷೆ. ಯಂತ್ರ 20 ಅಂದ 100 ಜನರನ್ನು ಹಿಡಿದು, ಅವರಲ್ಲಿ ಸುಮಾರು 20 ಜನಕ್ಕೆ ತೊಂದರೆ ಆಯಿತಾ ನೋಡಬೇಕು. ಅದನ್ನೂ ಯಂತ್ರ ಕಲಿತ ಆಸ್ಪತ್ರೆಯಲ್ಲಲ್ಲ, ಬೇರೆ ಊರಿನ, ಬೇರೆ ಸ್ಕ್ಯಾನರಿನ ರೋಗಿಗಳಲ್ಲಿ. ಎಷ್ಟೋ ಮಾದರಿಗಳು ಎಡವುವುದು ಇಲ್ಲೇ.

"ಆಪರೇಷನ್ನೇ ಬೇಡ ಅಂತ ಮೊದಲೇ ಹೇಳಬಹುದಾದವರೂ ಇದ್ದಾರಾ?"

ಇದ್ದಾರೆ, ಗುದನಾಳದಲ್ಲಿ. ಬ್ರೆಜಿಲ್‌ನ ಸಾವೊ ಪಾಲೊದ ಸರ್ಜನ್ ಅಂಜೆಲಿಟಾ ಹಬರ್-ಗಾಮಾ ರೇಡಿಯೇಷನ್, ಕೀಮೋ ಆದ ಮೇಲೆ ಗಡ್ಡೆ ಪೂರ್ತಿ ಮಾಯವಾದವರನ್ನು ಕೊಯ್ಯದೆ ಕಾದು ನೋಡಿದರು. 2004ರಲ್ಲಿ ಆ ವರದಿ ಬಂದಾಗ ಬಹಳ ಜನ ನಂಬಲಿಲ್ಲ. ಈಗ ಅದು ಒಪ್ಪಿತ ದಾರಿ. ಕಾದವರಲ್ಲಿ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಎರಡು ವರ್ಷದೊಳಗೆ ಅದೇ ಜಾಗದಲ್ಲಿ ಗಡ್ಡೆ ಮತ್ತೆ ಬೆಳೆಯುತ್ತದೆ. ಹಾಗಾಗಿ ಕೆಲವು ತಿಂಗಳಿಗೊಮ್ಮೆ ಸ್ಕೋಪಿ, ಎಂಆರ್‌ಐ ತಪ್ಪಿಸುವ ಹಾಗಿಲ್ಲ. ಬೀದರಿನಿಂದ ಬೆಂಗಳೂರಿಗೆ ಹತ್ತು ಸಲ ಬರಲಾಗದವರಿಗೆ ಇದನ್ನು ಹೇಳಲು ನಾನು ಹಿಂಜರಿಯುತ್ತೇನೆ.

ಎಂಎಂಆರ್ ಕೆಟ್ಟಿರುವ ಗುದನಾಳದ ಕ್ಯಾನ್ಸರಿನ ಕಥೆಯಂತೂ ಇನ್ನೂ ಸೋಜಿಗ. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕೇಂದ್ರ ಡೊಸ್ಟಾರ್ಲಿಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಫಲಿತಾಂಶ ಹೇಳಿತು. ಚಿಕಿತ್ಸೆ ಮುಗಿಸಿದ ಮೊದಲ 12 ಜನರಲ್ಲಿ 12 ಜನಕ್ಕೂ ಗಡ್ಡೆ ಮಾಯ. ಔಷಧ ದುಬಾರಿ, ಇಂಥ ಗಡ್ಡೆಗಳೂ ವಿರಳ. ಆದರೆ ಬಯಾಪ್ಸಿಯ ಒಂದು ಸಣ್ಣ ಟೆಸ್ಟ್ ಆಪರೇಷನ್ನನ್ನೇ ತಪ್ಪಿಸಬಹುದು ಅನ್ನುವುದು ನಾನು ಕಲಿಯುವ ಕಾಲದಲ್ಲಿ ಯಾರೂ ಕನಸಲ್ಲೂ ಹೇಳದ ಮಾತು.

## ಬಾಗಿಲು ಮುಚ್ಚಿಕೊಂಡು ಕೇಳುವುದು

"ಅಪ್ಪನಿಗೆ ಕ್ಯಾನ್ಸರ್ ಅಂತಾನೇ ಹೇಳಿಲ್ಲ. ಈ ಲೆಕ್ಕವೆಲ್ಲ ಅವರ ಮುಂದೆ ಹೇಳಬೇಡಿ, ಪ್ಲೀಸ್."

ಹತ್ತರಲ್ಲಿ ಏಳೆಂಟು ಮನೆಯವರು ಇದನ್ನು ಕೇಳುತ್ತಾರೆ. ನಾನು ಸುಳ್ಳು ಹೇಳುವುದಿಲ್ಲ, ಹಾಗಂತ ಅಂಕಿಗಳನ್ನು ಮುಖಕ್ಕೆ ಎಸೆಯುವುದೂ ಇಲ್ಲ. ಅವರಿಗೆ ಏನು ತಿಳಿಯಬೇಕು ಅಂತ ಅವರನ್ನೇ ಕೇಳುತ್ತೇನೆ.

ಮಂಡ್ಯದ ಕಡೆಯ ಒಬ್ಬ ರೈತರು, 70ರ ಆಸುಪಾಸು. ಮಕ್ಕಳು ಮೂವರೂ ಒಂದೊಂದು ಸಲ ಒಳಗೆ ಬಂದು ಕೈಮುಗಿದು ಹೋಗಿದ್ದರು. ನಾನು ಏನು ಹೇಳಲಿ, ಹೇಗೆ ಹೇಳಲಿ ಅಂತ ಮನಸ್ಸಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವರೇ ಶುರು ಮಾಡಿದರು. "ಹೊಟ್ಟೇಲಿ ಏನೈತೆ ಅಂತ ನಂಗೆ ಗೊತ್ತು ಬುಡಿ ಸ್ವಾಮಿ. ಆಲೆಮನೆ ಶುರುವಾಗೋ ಹೊತ್ಗೆ ಎದ್ದು ಓಡಾಡ್ತೀನಾ, ಅಷ್ಟು ಯೋಳಿ."

ಆಲೆಮನೆಗೆ ಇನ್ನೂ ಮೂರು ತಿಂಗಳಿತ್ತು. ಆಸ್ಪತ್ರೆಯಲ್ಲಿ ಒಂದು ವಾರ, ಭಾರ ಎತ್ತದೆ ಆರು ವಾರ, ಗ್ರಂಥಿಯಲ್ಲಿ ಸಿಕ್ಕರೆ ಆಮೇಲೆ ಕೀಮೋ ಅಂತ ಬೆರಳಲ್ಲಿ ಎಣಿಸಿದೆ. ಅವರ ನಡಿಗೆ ನೋಡಿದ್ದೆ, ಆಲ್ಬುಮಿನ್ 3.9 ಇತ್ತು.

"ಓಡಾಡ್ತೀರಿ. ಮಚ್ಚು ಹಿಡಿಯೋ ಹಾಗಿಲ್ಲ" ಅಂದೆ.

"ಮಚ್ಚು ಹಿಡಿಯಕ್ಕೆ ಇವ್ರವ್ರಲ್ಲ" ಅಂತ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಕ್ಕಳ ಕಡೆ ಕೈ ತೋರಿಸಿದರು.